ಅರಸನ ಭಾನುವಾರ

ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳವು. ಅಂಥದೊಂದು ಕಟ್ಟಡದಲ್ಲಿ ನೆಲ ಉಜ್ಜುವ ಮಷಿನ್ ನಡೆಸಲು ಬರುತ್ತಿದ್ದುದು ಇಬ್ಬರಿಗೆ ಮಾತ್ರ: ಸುವರ್ಣಾಳಿಗೆ ಮತ್ತು ಶಿವಗಂಗಾಳಿಗೆ. ಕಂಪ್ಯೂಟರ್ ಮಂದಿ ವಾರವಿಡೀ ಜಾಗ ಬಿಟ್ಟು ಏಳುವುದಿಲ್ಲ, ಹಾಗಾಗಿ ಮಷಿನ್ ಓಡುವುದು ಭಾನುವಾರವೇ. ಇಬ್ಬರಲ್ಲಿ ಒಬ್ಬಳು ಬರಲೇಬೇಕು. ಯಾರು ಬರಬೇಕೆಂದು ಹೇಳುವವಳು ಸೂಪರ್‌ವೈಸರ್ ಸುವರ್ಣಾ. ಇನ್ನು ಯಾರು ಬರುತ್ತಿದ್ದರೆಂದು ಬೇರೆ ಹೇಳಬೇಕೇ?

ಸುವರ್ಣಾಳನ್ನು ಬೈಯುವ ಮೊದಲು ಅವಳ ಕಾಲು ನೋಡಬೇಕು. ಆರು ದಿನ ನಿಂತೇ ದುಡಿದು ಪಾದ ಊದಿ, ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಬೀದರ್ ಕಡೆಯಿಂದ ಬಂದ ಕ್ರೈಸ್ತರ ಕನ್ನಡ ಸಭೆಯೊಂದು ಬಾಲಾನಗರದ ಶೆಡ್ಡಿನಲ್ಲಿ ಸೇರುತ್ತಿತ್ತು. ಭಾನುವಾರ ಇಸ್ತ್ರಿ ಮಾಡಿದ ಸೀರೆಯುಟ್ಟು ಅಲ್ಲಿ ಕುರ್ಚಿಯ ಮೇಲೆ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ. ವಾರದಲ್ಲಿ ಅವಳು ನೆಮ್ಮದಿಯಾಗಿ ಕೂರುತ್ತಿದ್ದುದೇ ಅಷ್ಟು. ಹಾಡಲು ಎದ್ದು ನಿಲ್ಲಿ ಎಂದಾಗಲೂ ಒಳಗೊಳಗೇ ಸಿಟ್ಟು.

ಶಿವಗಂಗಾಳ ಮಗಳು ಜಹೀರಾಬಾದಿನ ಹಾಸ್ಟೆಲ್ಲಿನಲ್ಲಿದ್ದಳು. ಅಲ್ಲಿ ಹೆತ್ತವರನ್ನು ಒಳಗೆ ಬಿಡುವುದು ಭಾನುವಾರ ಮಾತ್ರ. ದಸರೆಯ ನಂತರ ಹುಡುಗಿ ಫೋನಿಗೂ ಬರುತ್ತಿಲ್ಲ, ಯಾರ ಜೊತೆಗೂ ಮಾತಾಡುತ್ತಿಲ್ಲ ಎಂದು ವಾರ್ಡನ್ ಹೇಳಿಕಳಿಸಿದ್ದಳು. ಶಿವಗಂಗಾ ರಜೆ ಕೇಳಿದಾಗಲೆಲ್ಲ ಸುವರ್ಣಾ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು.

ನವೆಂಬರ್ ಬಂತು. ಕ್ರಿಸ್ತನನ್ನು ಅರಸನೆಂದು ಕೊಂಡಾಡುವ ಭಾನುವಾರ ಹತ್ತಿರವಾಯಿತು. ಮೊದಲ ಹಾಡು ಸುವರ್ಣಾಳೇ ಎತ್ತಿಕೊಡಬೇಕೆಂದು ಪಾಸ್ಟರ್ ಉಪೇಂದ್ರ ಹೇಳಿದ್ದರು. ಎಂಥ ದೊಡ್ಡ ಸಾಹೇಬನ ಮೇಲೂ ಆ ಅರಸನಿದ್ದಾನೆ ಎಂದೂ ಹೇಳಿದ್ದರು. ಆ ಮಾತು ಅವಳಿಗೆ ಭಾರಿ ಹಿಡಿಸಿತು. ಮ್ಯಾನೇಜರ್ ವಿಶ್ವಜಿತ್ ರೇಗಿದಾಗೆಲ್ಲ ನಿನ್ನ ಮೇಲೂ ಒಬ್ಬನಿದ್ದಾನೆ ಕಣೋ ಎಂದು ಮನಸ್ಸಿನಲ್ಲೇ ಅಂದುಕೊಂಡು ಒರೆಸುವ ಕೆಲಸ ಮುಂದುವರಿಸುತ್ತಿದ್ದಳು.

ಆ ವಾರ ಧೈರ್ಯ ಮಾಡಿ, ಕೆಲಸದ ಹೆಂಗಸರಿಗೆ ಕೂರಲು ನಾಲ್ಕು ಸ್ಟೂಲಾದರೂ ಕೊಡಿಸಿ ಎಂದು ಅವನನ್ನು ಕೇಳಿದಳು. ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ, ಮುಂದಿನ ತಿಂಗಳು ನೋಡೋಣ ಎಂದು ಹಿಂದಿಯಲ್ಲಿ ಹೇಳಿದ. ಸುವರ್ಣಾ ಮೈಯೆಲ್ಲ ಉರಿದುಕೊಂಡು ಕೆಳಗಿಳಿದಳು. ಮೆಟ್ಟಿಲ ಬಳಿ ಕಾದಿದ್ದ ಶಿವಗಂಗಾ ಮತ್ತೆ ಭಾನುವಾರದ ಮಾತೆತ್ತಿದಳು.

"ಮುಂದಿನ ತಿಂಗಳು ನೋಡೋಣ," ಎಂದಳು ಸುವರ್ಣಾ, ಕೈಯಲ್ಲಿದ್ದ ಬೀಗದ ಕೈಗಳಿಂದ ಕಣ್ಣೆತ್ತದೆ.

ಹೇಳಿದ ಮೇಲೆ ಅವಳ ಮಾತು ಅವಳ ಕಿವಿಗೇ ಬಿತ್ತು. ಮ್ಯಾನೇಜರನ ಮೇಲೆ ಅರಸನನ್ನು ಕೂರಿಸಿ ಹಿಗ್ಗಿದವಳು, ಶಿವಗಂಗಾಳ ಪಾಲಿಗೆ ಮ್ಯಾನೇಜರ್ ತಾನೇ ಎಂಬುದನ್ನು ಮರೆತಿದ್ದಳು. ಅರಸ ತನ್ನ ತಲೆಯ ಮೇಲೂ ಇದ್ದ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಬೇಜಾರಾಯಿತು. ಈ ಬುದ್ಧಿ ತಾನು ಹಾಡುವ ಭಾನುವಾರ ಕಳೆದ ಮೇಲಾದರೂ ಬರಬಾರದಿತ್ತೇ?

"ಈ ಐತವಾರ ನೀ ಹೋಗು," ಎಂದಳು. "ಮಷಿನ್ ನಾ ನೋಡ್ಕೋತೀನಿ."

ಭಾನುವಾರ ಬಾಲಾನಗರದಲ್ಲಿ ಬೇರೆ ಯಾರೋ ಹಾಡು ಎತ್ತಿಕೊಟ್ಟರು. ಸುವರ್ಣಾ ಖಾಲಿ ಕಟ್ಟಡದಲ್ಲಿ ಮಷಿನ್ ದೂಡಿದಳು. ದರ್ಶನವೇನೂ ಆಗಲಿಲ್ಲ, ಸೊಂಟ ಹಿಡಿದುಕೊಂಡಿತು. ಸದ್ದಿನ ನಡುವೆ ಅವಳೂ ಹಾಡಿ ನೋಡಿದಳು, ತನಗೇ ಕೇಳಿಸಲಿಲ್ಲ. ಕೊನೆಗೆ ಅರಸನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು: ನಿನಗಾಗಿ ಒಂದು ಸಲ ಮಾಡಿದ್ದೇನೆ, ಇನ್ನು ನನ್ನನ್ನು ಬಿಟ್ಟುಬಿಡು.

ಸೋಮವಾರ ಶಿವಗಂಗಾ ಬಂದವಳೇ ಅವಳ ಮುಂದೆ ನಿಂತಳು. ಮಗಳು ಮೊದಲು ವಾರ್ಡನ್ ಹಿಂದೆ ಅಡಗಿಕೊಂಡಳಂತೆ. ಆಮೇಲೆ ಬಂದು, ಕೊಟ್ಟ ರೊಟ್ಟಿಯನ್ನೆಲ್ಲ ತಿಂದು, ಹೊರಡುವಾಗ ಸೆರಗು ಹಿಡಿದವಳು ಬಿಡಲೇ ಇಲ್ಲವಂತೆ.

"ಮತ್ತ ಯಾವಾಗ ಬರ್ತಿ ಅಂತ ಕೇಳಿದ್ಳ್ರಿ," ಎಂದಳು ಶಿವಗಂಗಾ. "ಒಂದ್ ಬಿಟ್ಟು ಒಂದ್ ಐತವಾರ ಬರ್ತೀನಿ ಅಂದ್‌ಬಿಟ್ಟೀನಿ ಅಕ್ಕಾ. ತಪ್ಪಾತೇನ್ರಿ?"

ಸುವರ್ಣಾ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಅವಳು ಕೊಟ್ಟಿದ್ದು ಒಂದೇ ಭಾನುವಾರ. ಅರಸನೆಂದರೆ ಕಾಣಿಕೆ ತೆಗೆದುಕೊಂಡು ಸುಮ್ಮನಾಗುವವನು ಎಂದುಕೊಂಡಿದ್ದಳು, ಅವನೀಗ ಅವಳ ಭಾನುವಾರಗಳಲ್ಲಿ ಅರ್ಧವನ್ನೇ ಕೇಳುತ್ತಿದ್ದ.

"ಮಗಳಿಗೆ ಮಾತು ಕೊಟ್ಟೀಯಲ್ಲ," ಎಂದಳು. "ಹೋಗಿ ಬಾ."

ದನಿಯಲ್ಲಿ ಪ್ರೀತಿಯಿರಲಿಲ್ಲ, ಬರೀ ದಣಿವಿತ್ತು. ಶಿವಗಂಗಾಳಿಗೆ ಅಷ್ಟೇ ಸಾಕಾಗಿತ್ತು.