ಚೌಡಮ್ಮ ಹತ್ತಿದ ಬಸ್ಸು

ಕಾಫಿ ಕೊಯ್ಲಿನ ಕಾಲದಲ್ಲಿ ಸಕಲೇಶಪುರದಿಂದ ಹೊಂಗಡಹಳ್ಳದ ಕಡೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಅವಸರದಲ್ಲಿ ಬುತ್ತಿಯನ್ನೇ ಎಸೆದು ಆಮೇಲೆ ಹುಡುಕುವವರು, ಎಲ್ಲ ತರದವರೂ ಇದ್ದರು. ಆದರೂ ಹಿಂಬಾಗಿಲ ಪಕ್ಕದ ಒಂದು ಸೀಟು ಮಾತ್ರ ಖಾಲಿ. ಅಲ್ಲಿ ಕೂರಲು ಹೋದವರನ್ನು ಕಂಡಕ್ಟರ್ ವಾಣಿ ತಡೆಯುತ್ತಿದ್ದಳು.

"ಅಲ್ಲಿ ಬ್ಯಾಡ ಕಣ್ರೀ, ಒದ್ದೆ ಐತೆ."

ಮುಟ್ಟಿ ನೋಡಿದರೆ ನಿಜವಾಗಿಯೂ ಒದ್ದೆ. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು. ಹಳೇ ಬಸ್ಸು, ಎಲ್ಲಿಂದಲೋ ಸೋರುತ್ತದೆ ಎಂದು ಗೊಣಗಿಕೊಂಡು ಜನ ನಿಂತೇ ಹೋಗುತ್ತಿದ್ದರು.

ಬಸ್ಸು ಸೋರುತ್ತಿರಲಿಲ್ಲ. ಅಲ್ಲಿ ಚೌಡಿ ಕೂತಿದ್ದಳು. ಇಬ್ಬನಿ ಇಳಿಯುವ ಕೂದಲು, ಮಣ್ಣು ಮೆತ್ತಿದ ಬರಿಗಾಲು, ಕಿಟಕಿಯ ಹೊರಗೆ ನೆಟ್ಟ ಕಣ್ಣು. ಅವಳು ಕಾಣುತ್ತಿದ್ದುದು ವಾಣಿಗೆ ಮಾತ್ರ.

ಹೊಂಗಡಹಳ್ಳಕ್ಕೆ ಮುಂಚಿನ ದೊಡ್ಡ ತಿರುವಿನಲ್ಲಿ, ಗೋಣಿಮರದ ಬುಡದಲ್ಲಿದ್ದ ಕಲ್ಲೇ ಈ ಚೌಡಿಯ ನೆಲೆ. ಕಾಡಿಗೂ ಊರಿಗೂ ನಡುವಿನ ಗಡಿ ಕಾಯುವ ತಾಯಿ ಅವಳು. ಆನೆಗಳು ಅವಳ ಮುಂದಿನ ಒಂದೇ ಜಾಡಿನಲ್ಲಿ ರಸ್ತೆ ದಾಟುತ್ತಿದ್ದವು, ಡ್ರೈವರುಗಳು ಹಾರನ್ ಹೊಡೆದು ಕೈ ಮುಗಿದು ಹೋಗುತ್ತಿದ್ದರು. ಅವಳ ಸೇವೆ ವಾಣಿಯ ಮನೆತನದ್ದು. ಅದರ ಕಟ್ಟಳೆ ಕೇಳಿದರೆ ನಗು ಬರುತ್ತದೆ. ಚೌಡಿಯ ಮಾತು ಕೇಳಿಸುವುದು ಆ ಮನೆಯ ಹೆಂಗಸರಿಗೆ, ಬೆತ್ತ ಹಿಡಿದು ಅದನ್ನು ಊರಿಗೆ ಹೇಳುವುದು ಗಂಡಸರು! ವಾಣಿಯ ಅಜ್ಜಿ ಭದ್ರಮ್ಮ ಜೀವಮಾನವೆಲ್ಲ ಮೊದಲು ಗಂಡನ ಕಿವಿಯಲ್ಲಿ, ಆಮೇಲೆ ಹಿರಿಮಗ ಲಕ್ಕಯ್ಯನ ಕಿವಿಯಲ್ಲಿ ಪಿಸುಗುಟ್ಟಿದಳು. ಊರವರು ಲಕ್ಕಯ್ಯನ ಬಾಯನ್ನು ಹೊಗಳಿದರು.

ಅದನ್ನು ನೋಡುತ್ತಲೇ ವಾಣಿ ಬೆಳೆದಳು. ಪಿಸುಗುಟ್ಟುವ ಬಾಳಿಗಿಂತ ಕಿವುಡಿ ಅನ್ನಿಸಿಕೊಳ್ಳುವುದೇ ಮೇಲೆಂದುಕೊಂಡು, ತನಗೇನೂ ಕೇಳಿಸುವುದಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಿ, ಖಾಕಿ ತೊಟ್ಟು ಬಸ್ಸು ಹತ್ತಿದ್ದಳು.

ಸತ್ಯ ಗೊತ್ತಿದ್ದುದು ಡ್ರೈವರ್ ಪ್ರಜ್ವಲ್‌ಗೆ ಮಾತ್ರ. ಕುಂದೂರಿನ ಕಡೆಯ ಹುಡುಗ. ಒದ್ದೆ ಸೀಟಿನ ಗುಟ್ಟು ಹೇಳಿದರೆ ನಕ್ಕುಬಿಡುತ್ತಾನೆ ಎಂದು ಅವಳು ಹೆದರಿದ್ದಳು. ಕೊನೆಗೆ ಹೇಳಿದಾಗ ಅವನು ಟೀ ಲೋಟ ಕೆಳಗಿಟ್ಟ.

"ಬಸ್ಸಿನ ಹಿಂದೆ ಏನೈತೆ ಅಂತ ನಂಗ್ಯಾವತ್ತು ಕಂಡೈತೆ ಹೇಳು? ನೀನು ಎರಡು ವಿಷಲ್ ಹೊಡೆದ್ರೆ ಹೋಗ್ತೀನಿ, ಒಂದು ಹೊಡೆದ್ರೆ ನಿಲ್ತೀನಿ. ಇದೂ ಹಂಗೇ ಕಣೇ."

"ಮುಂದೆ ಏನೈತೆ ಅಂತ ನಂಗೂ ಕಾಣಲ್ವಲ್ಲೋ."

"ಅದಕ್ಕೇ ಅಲ್ವಾ ಬಸ್ಸಿಗೆ ಇಬ್ರು."

ವಾಣಿಗೆ ಅವನ ಮೇಲೆ ಮನಸ್ಸಾದದ್ದು ಆ ಟೀ ಅಂಗಡಿಯ ಮುಂದೆಯೇ, ಮುಚ್ಚಿಡುವುದೇನಿದೆ. ಮದುವೆಯ ಮಾತೂ ಮುಗಿಯಿತು. ಆಗ ದೊಡ್ಡಪ್ಪ ಲಕ್ಕಯ್ಯ ಕೊಕ್ಕೆ ಹಾಕಿದ. "ನಂಗೆ ಗಂಡುಮಕ್ಕಳಿಲ್ಲ. ಬೆತ್ತ ಅಳಿಯ ಹಿಡೀಲಿ. ಇವಳು ಕೆಲಸ ಬುಟ್ಟು ಮನೇಲಿರ್ಲಿ."

"ಇವಳಿಗೆ ಏನೂ ಕೇಳ್ಸಲ್ಲ ಅಂತಾಳಲ್ಲೋ," ಎಂದಳು ಭದ್ರಮ್ಮ.

"ಕೇಳ್ಸದಿದ್ರೇನವ್ವ, ಹೇಳಕ್ಕೆ ಅಳಿಯ ಇದಾನಲ್ಲ!"

ಪ್ರಜ್ವಲ್ ಹೂಂ ಅನ್ನಲಿಲ್ಲ. "ಮನೆತನ ವಾಣೀದು. ಅವಳನ್ನ ಕೇಳಿ," ಎಂದ. ಎಲ್ಲರೂ ವಾಣಿಯ ಮುಖ ನೋಡಿದರು. ವಾಣಿ ನೆಲ ನೋಡಿದಳು. ಬಾಯಿ ಬಿಟ್ಟರೆ ಅಷ್ಟು ವರ್ಷದ ಸುಳ್ಳು ಹೊರಬೀಳುತ್ತಿತ್ತು.

ಇದಕ್ಕೆಲ್ಲ ಮುಂಚೆಯೇ ಲಕ್ಕಯ್ಯ ಇನ್ನೊಂದು ಘನಕಾರ್ಯ ಮಾಡಿದ್ದ. ಚೌಡಿಗೆ ಗುಡಿ ಕಟ್ಟಿಸಿದ್ದ. ಪಾಪ, ಮಳೆಯಲ್ಲಿ ನೆನೆಯುವ ತಾಯಿ ಬೆಚ್ಚಗಿರಲಿ ಎಂದು ಮರದ ಬುಡದ ಕಲ್ಲನ್ನು ಎತ್ತಿಸಿ, ಟೈಲ್ಸ್ ಹಾಕಿದ ಗೂಡಿನೊಳಗಿಟ್ಟು, ಕಬ್ಬಿಣದ ಗೇಟಿಗೆ ಬೀಗ ಜಡಿದ. ಬಯಲಲ್ಲೇ ಇರಬೇಕಾದವಳಿಗೆ ಸೂರು! ಮೊದಲ ಪೂಜೆಯ ದಿನವೇ ಚೌಡಿ ಹೊರಟು ಬಂದು ಬಸ್ಸು ಹತ್ತಿದ್ದಳು.

"ಯಾರನ್ನ ಕೇಳಿ ಸೂರು ಹಾಕಿದ್ರು ಕೂಸೇ? ಕಾಡು ಕಾಣಲ್ಲ, ಗಾಳಿ ಆಡಲ್ಲ. ನಿನ್ನ ಬಸ್ಸಾದ್ರೂ ಓಡ್ತೈತೆ," ಎಂದು ವಾಣಿಯ ಬಳಿ ಹೇಳಿಕೊಂಡಿದ್ದಳು. ಖಾಲಿ ಗುಡಿಯ ಮುಂದೆ ಕೂತ ಭದ್ರಮ್ಮ ಏನೂ ಕೇಳಿಸದೆ, ತನ್ನ ಕಿವಿಯೇ ಹೋಯಿತೆಂದು ಅಳುತ್ತಿದ್ದಳು. ಆ ಅಳು ವಾಣಿಗೂ ಕೇಳಿಸುತ್ತಿತ್ತು. ಆದರೂ ಬೆಳಗಾದರೆ ಖಾಕಿ ತೊಟ್ಟು ಬಸ್ಸಿಗೆ ಹೊರಡುತ್ತಿದ್ದಳು.

ಆವತ್ತು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಬಸ್ಸು ತಿರುವಿಗೆ ಬಂದಾಗ ಲಕ್ಕಯ್ಯ ರಸ್ತೆ ನಡುವೆ ನಿಂತು ಕೈ ಅಡ್ಡ ಹಿಡಿದ. ಹಿಂದೆ ಊರ ಜನ, ತಟ್ಟೆಯಲ್ಲಿ ಹೂವು, ಗುಡಿಯ ಮೆಟ್ಟಿಲ ಮೇಲೆ ಭದ್ರಮ್ಮ. ಹತ್ತು ಜನರ ಮುಂದೆ ಬೆತ್ತ ಕೊಟ್ಟರೆ ಅಳಿಯ ಹೇಗೆ ಬೇಡ ಎನ್ನುತ್ತಾನೆ ಎಂಬುದು ದೊಡ್ಡಪ್ಪನ ಲೆಕ್ಕ.

"ಇಳ್ಕೊಂಡ್ ಬಾರಪ್ಪ. ಒಳ್ಳೇ ಗಳಿಗೆ ಐತೆ."

ಅಷ್ಟರಲ್ಲಿ ರಸ್ತೆ ಪಕ್ಕದ ಎತ್ತರದ ದರೆಯಲ್ಲಿ ಕೊಂಬೆ ಮುರಿಯಿತು. ಮಂಜು ಸ್ವಲ್ಪ ಸರಿದಾಗ ಕಂಡದ್ದು ಒಂದು ಸಲಗ. ಅದರ ಬೆನ್ನಿಗೆ ಹಿಂಡು, ಹಿಂಡಿನ ಕಾಲ ಸಂದಿಯಲ್ಲಿ ಮರಿ. ಅವುಗಳ ಜಾಡಿಗೆ ಸರಿಯಾಗಿ ಅಡ್ಡ ನಿಂತಿದ್ದುದು ತುಂಬಿದ ಬಸ್ಸು. ಒಳಗೆ ಕೊಯ್ಲಿನ ಹೆಂಗಸರು ಕಿರುಚಿಕೊಂಡರು. ಗುಡಿಯ ಹತ್ತಿರ ಯಾರೋ ಪಟಾಕಿ ತೆಗೆದರು. ಲಕ್ಕಯ್ಯ ಬೆತ್ತ ಎತ್ತಿ, "ತಾಯೀ, ತಡಿಯವ್ವಾ!" ಎಂದು ಕೂಗಿದ. ಸಲಗ ಇನ್ನೊಂದು ಹೆಜ್ಜೆ ಇಳಿಯಿತು. ತಾಯಿ ಗುಡಿಯಲ್ಲಿ ಇದ್ದರೆ ತಾನೆ ತಡೆಯುವುದು!

"ಏನಂತಾಳವ್ವ, ಬೇಗ ಹೇಳು!" ಲಕ್ಕಯ್ಯ ಭದ್ರಮ್ಮನ ಬಾಯಿಗೆ ಕಿವಿಯೊಡ್ಡಿದ.

"ಏನೂ ಕೇಳ್ಸಲ್ಲ ಕಣೋ ಲಕ್ಕ," ಎಂದು ಭದ್ರಮ್ಮ ಅತ್ತಳು.

ವಾಣಿ ಒದ್ದೆ ಸೀಟಿನ ಕಡೆ ತಿರುಗಿದಳು. ಚೌಡಿ ಅವಳನ್ನೇ ನೋಡುತ್ತಿದ್ದಳು. "ನಂಗೆ ಬಾಯಿಲ್ಲ ಕೂಸೇ. ನಿಂಗೈತೆ."

ವಾಣಿ ಹಿಂಬಾಗಿಲಿನಿಂದ ಧುಮುಕಿದಳು. "ಪಟಾಕಿ ಹೊಡೀಬ್ಯಾಡಿ!" ಅವಳ ಗಂಟಲು ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಚೌಡಮ್ಮ ಗುಡೀಲಿಲ್ಲ. ನನ್ನ ಬಸ್ಸಲ್ಲವಳೆ. ನಂಗೆ ಕಾಣ್ತಾಳೆ, ಅವಳ ಮಾತು ಕೇಳ್ತೈತೆ, ಹುಟ್ಟಿದಾಗಿಂದ! ಬಸ್ಸು ಜಾಡು ಬುಟ್ಟು ಹಿಂದಕ್ಕೆ ಹೋಗ್ಬೇಕು."

"ಹೆಂಗಸ್ರ ಮಾತು ಕೇಳ್ಬ್ಯಾಡ, ಮುಂದಕ್ಕೆ ಹೊಡಿಯೋ!" ಎಂದು ಲಕ್ಕಯ್ಯ ಬಾನೆಟ್ಟಿಗೆ ಬಡಿದ.

ಪ್ರಜ್ವಲ್ ಬಾಗಿಲಿಗೆ ಕೈ ಹಾಕಿದ್ದ. ಇಳಿದು ಓಡಿಬಂದು ಅವಳ ಮುಂದೆ ನಿಂತುಬಿಡಬೇಕು ಅನ್ನಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ವಾಣಿ ತಲೆ ಅಲ್ಲಾಡಿಸಿದಳು. ಅವನು ಮತ್ತೆ ಸ್ಟೇರಿಂಗ್ ಹಿಡಿದ. ಇಳಿಯುವುದಕ್ಕಿಂತ ಕೂರುವುದಕ್ಕೇ ಆವತ್ತು ಹೆಚ್ಚು ಧೈರ್ಯ ಬೇಕಿತ್ತು.

"ಕಂಡಕ್ಟರ್ ವಿಷಲ್ ಇಲ್ದೆ ಬಸ್ಸು ಅಲ್ಲಾಡಲ್ಲ ದೊಡ್ಡಪ್ಪ," ಎಂದ.

ಬಸ್ಸಿನ ಹಿಂದೆ ಬಿಳಿ ಮಂಜು, ಎಡಕ್ಕೆ ಪ್ರಪಾತ. ವಾಣಿ ಕೊರಳ ಸೀಟಿ ಬಾಯಿಗಿಟ್ಟಳು. ಪಕ್ಕದಲ್ಲೇ ಚೌಡಿ ಬರಿಗಾಲಲ್ಲಿ ರಸ್ತೆಯ ಅಂಚು ತಡವಿ ಹೇಳುತ್ತಿದ್ದಳು, ವಾಣಿ ಊದುತ್ತಿದ್ದಳು, ಪ್ರಜ್ವಲ್ ಕನ್ನಡಿಯನ್ನು ನೋಡುವುದನ್ನೇ ಬಿಟ್ಟು ಸೀಟಿಗೆ ಕಿವಿಕೊಟ್ಟು ತಿರುಗಿಸುತ್ತಿದ್ದ. ಒಮ್ಮೆ ಹಿಂದಿನ ಚಕ್ರದಿಂದ ಕಲ್ಲುಗಳು ಪ್ರಪಾತಕ್ಕೆ ಉರುಳಿದವು. ವಾಣಿ ಒಂದೇ ಉಸಿರಿಗೆ ಉದ್ದಕ್ಕೆ ಊದಿದಳು. ಬಸ್ಸು ಅಲ್ಲೇ ನಿಂತಿತು. ಬಲಕ್ಕೆ, ಇನ್ನೂ ಬಲಕ್ಕೆ, ಈಗ ಬರಲಿ ಎಂದು ಸೀಟಿ ಮತ್ತೆ ಕರೆಯಿತು. ತಿರುವು ಕಳೆದು ಬಸ್ಸು ನೆಟ್ಟಗೆ ನಿಂತಾಗ ಒಳಗಿದ್ದ ಹೆಂಗಸರು ಜೋರಾಗಿ ಅತ್ತರು.

ಗುಡಿಯ ಮುಂದಿದ್ದವರು ಭದ್ರಮ್ಮನನ್ನು ದೂರಕ್ಕೆ ಕರೆತಂದು ಕೂರಿಸುವಷ್ಟರಲ್ಲಿ ಸಲಗ ರಸ್ತೆಗಿಳಿಯಿತು. ದಾಟಲಿಲ್ಲ. ಗೋಣಿಮರದ ಬುಡ ಮೂಸಿತು, ಗುಡಿಯ ಗೇಟು ಮೂಸಿತು, ದಿಕ್ಕು ತಪ್ಪಿದಂತೆ ನಿಂತಿತು. ಚೌಡಿ ಹೋಗಿ ಅದರ ಸೊಂಡಿಲಿನ ಮೇಲೆ ಕೈಯಿಟ್ಟಳು. ಜನರಿಗೆ ಕಂಡದ್ದು ಸೊಂಡಿಲಿನಿಂದ ತೊಟ್ಟಿಕ್ಕುವ ನೀರು ಮಾತ್ರ.

"ಕೀ ಕೊಡಿ ದೊಡ್ಡಪ್ಪ," ಎಂದಳು ವಾಣಿ. "ಅವಳಿಗೆ ಸೂರು ಬ್ಯಾಡ. ಕಲ್ಲು ಮರದ ಬುಡಕ್ಕೆ ಹೋಗ್ಬೇಕು."

"ಕಲ್ಲನ್ನ ಹೆಂಗಸ್ರು ಮುಟ್ಟಂಗಿಲ್ಲ ಕಣವ್ವ..."

"ಅವಳೂ ಹೆಂಗಸೇ ಅಲ್ವಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಎದುರಿಗೆ ಆನೆ ನಿಂತಿದ್ದರೆ ಪೂಜಾರಿಯೂ ಕೊಡುತ್ತಾನೆ. ಲಕ್ಕಯ್ಯ ಸೊಂಟದಿಂದ ಕೀ ಬಿಚ್ಚಿದ. ಪ್ರಜ್ವಲ್ ಕೈಬ್ರೇಕ್ ಹಾಕಿ ಓಡಿಬಂದ. ಬಿಡು, ನಾನು ಎತ್ತುತ್ತೇನೆ ಎನ್ನಲಿಲ್ಲ. "ನಾನ್ಯಾವ ಕಡೆ ಹಿಡೀಲಿ?" ಎಂದು ಕೇಳಿದ. "ಆ ಕಡೆ," ಎಂದಳು. ಇಬ್ಬರೂ ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ಹೆಜ್ಜೆಗೆ ಹೆಜ್ಜೆ ಹೊಂದಿಸಿ ಕಲ್ಲನ್ನು ಮರದ ಬುಡಕ್ಕೆ ಒಯ್ದಿಟ್ಟರು. ಚೌಡಿ ಬಂದು ಕೂತು, ಉಸ್ಸೆಂದು ಕಾಲು ಚಾಚಿದಳು. ಹಿಂಡು ಅವಳ ಮುಂದೆ ಸಾಲಾಗಿ ದಾಟಿತು. ಮರಿ ಒಂದು ಗಳಿಗೆ ನಿಂತು ವಾಣಿಯನ್ನು ನೋಡಿ ತಾಯಿಯ ಹಿಂದೆ ಓಡಿತು.

"ಲಕ್ಕ!" ಭದ್ರಮ್ಮ ಎದ್ದು ನಿಂತಿದ್ದಳು. "ಕೇಳ್ತು ಕಣೋ. ನನ್ನ ಕಿವಿ ಹೋಗಿಲ್ಲ, ಕೇಳ್ತು!"

ಅಭ್ಯಾಸಬಲ, ಲಕ್ಕಯ್ಯ ಅವಳ ಬಾಯಿಗೆ ಕಿವಿಯೊಡ್ಡಿದ. ಭದ್ರಮ್ಮ ಅವನ ತಲೆಯನ್ನು ಪಕ್ಕಕ್ಕೆ ತಳ್ಳಿ, ಊರಿಗೆಲ್ಲ ಕೇಳುವಂತೆ ಹೇಳಿದಳು. "ಬೆತ್ತ ವಾಣಿ ಕೈಗೆ ಕೊಡು. ಇಷ್ಟು ದಿನ ನೀನು ಹೇಳಿದ್ದೆಲ್ಲ ನನ್ನ ಮಾತು. ಇನ್ಮೇಲೆ ಅವಳ ಮಾತು ಅವಳೇ ಹೇಳ್ತಾಳೆ."

ಲಕ್ಕಯ್ಯ ಪ್ರಜ್ವಲ್‌ನ ಮುಖ ನೋಡಿದ. ಪ್ರಜ್ವಲ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನ ಮುಖದ ಹೆಮ್ಮೆ ನೋಡಿ ವಾಣಿ ಕೈ ಮುಂದೆ ಚಾಚಿದಳು. ಬೆತ್ತ ಅವಳ ಕೈಗೆ ಬಂತು.

"ಕೆಲಸ ಬಿಡಲ್ಲ ದೊಡ್ಡಪ್ಪ," ಎಂದಳು. "ದಿನಾ ಈ ದಾರೀಲೇ ಬರ್ತೀನಿ. ಏನಂತಾಳೆ ಅಂತ ಬಸ್ಸು ನಿಲ್ಸಿ ಕೇಳ್ತೀನಿ."

ಕೊಯ್ಲಿನ ಹೆಂಗಸರು ತಡವಾಯಿತೆಂದು ಗಲಾಟೆ ಎಬ್ಬಿಸಿದರು. ಭದ್ರಮ್ಮನೂ ಹೊಂಗಡಹಳ್ಳಕ್ಕೆ ಬಸ್ಸು ಹತ್ತಿದಳು. ಹಿಂಬಾಗಿಲ ಪಕ್ಕದ ಸೀಟನ್ನು ವಾಣಿ ಟವೆಲಿನಿಂದ ಒರೆಸಿ ಅವಳನ್ನು ಅಲ್ಲೇ ಕೂರಿಸಿದಳು. ಪ್ರಜ್ವಲ್ ಎಂಜಿನ್ ಚಾಲೂ ಮಾಡಿ, ಎಂದಿನಂತೆ ಕಾದ.

ವಾಣಿ ಕೊರಳಿನಿಂದ ಸೀಟಿ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು. "ಎರಡು ಸಲ ಊದಜ್ಜಿ."

"ನಾನಾ? ಯಾರೇನಂತಾರೋ ಮಗಾ..."

"ಊದು. ನೀನು ಊದೋಗಂಟ ಬಸ್ಸು ಹೊರಡಲ್ಲ."

ಭದ್ರಮ್ಮ ಸೀಟಿಯನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಎರಡು ಸಲ ಊದಿದಳು. ಕಾಡಿಗೂ ಊರಿಗೂ ಕೇಳಿಸಿತು. ಬಸ್ಸು ಹೊರಟಿತು.