ಗೆಸ್ಟ್ ಅತ್ತೆ ಬದುಕಲು ಹೊರಟಿದ್ದು

ಬೆಂಕಿ ಆರಿಸುವವರ ಕಥೆಯ ಆ ಧಾರಾವಾಹಿಯಲ್ಲಿ ಅತಿಥಿ ಪಾತ್ರಕ್ಕೆ ಬಂದವರ ಹಣೆಬರಹ ಎರಡೇ: ಹೀರೋನ ಹೆಗಲೇರಿ ಆಚೆ ಬರಬೇಕು, ಇಲ್ಲವೇ ಹೊಗೆಯಲ್ಲಿ ಗೊಟಕ್ ಅನ್ನಬೇಕು. ಯಾವುದಾದರೂ ಸರಿ, ಮುಂದಿನ ವಾರ ಅವರನ್ನು ಕೇಳುವವರಿಲ್ಲ. ಗೆಸ್ಟ್ ಅತ್ತೆಗೆ ಇದೇನು ಹೊಸದೇ? ಯೂನಿಟ್ಟಿನವರೆಲ್ಲ ಅವಳನ್ನು ಗೆಸ್ಟ್ ಅತ್ತೆ, ಅವಳ ಗಂಡನನ್ನು ಗೆಸ್ಟ್ ಮಾವ ಅಂತಲೇ ಕರೆಯುವುದು. ಮದುವೆಯಾದಾಗಿನಿಂದ ಇಬ್ಬರದೂ ಇದೇ ಕಸುಬು: ಒಂದು ಕಂತಿಗೆ ಹೋಗು, ಅಳು, ಬೀಳು, ಮನೆಗೆ ಬಾ. ಪಕ್ಕದ ಮನೆಯವಳು "ಮತ್ತೆ ಯಾವಾಗ ಟೀವೀಲಿ ಬರ್ತೀರಾ?" ಅಂದಾಗಲೆಲ್ಲ ಅತ್ತೆಗೆ ಮೈಯೆಲ್ಲ ಉರಿ. ಸತ್ತವಳು ಮತ್ತೆ ಹ್ಯಾಗೆ ಬರ್ತಾಳೆ, ಪುಣ್ಯಾತ್ಗಿತ್ತಿ!

ಈ ಸಲ ಮಾತ್ರ ಅದೃಷ್ಟ ಖುಲಾಯಿಸುವ ಹಾಗಿತ್ತು. ಕಥೆಯಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ. ಅವರ ಮನೆಗೆ ಬೆಂಕಿ. ಒಬ್ಬರು ಸಾಯುತ್ತಾರೆ. ಉಳಿದವರನ್ನು ಹೀರೋ ತನ್ನ ಮನೆಗೇ ಕರೆದುಕೊಂಡು ಹೋಗುತ್ತಾನೆ. ಅಂದರೆ ಧಾರಾವಾಹಿ ಮುಗಿಯುವವರೆಗೂ ಖಾಯಂ! ಯಾರನ್ನು ಸಾಯಿಸಬೇಕು ಅನ್ನುವುದು ನಿರ್ದೇಶಕನಿಗೇ ಬಗೆಹರಿದಿರಲಿಲ್ಲ.

"ಇಬ್ರೂ ಹೊಗೇಲಿ ಒದ್ದಾಡಿ. ಯಾರು ಚೆನ್ನಾಗಿ ಸಾಯ್ತೀರೋ ಅವ್ರು ಸಾಯಿರಿ," ಅಂದುಬಿಟ್ಟ.

ಅಲ್ಲಿಗೆ ಕೆಟ್ಟದಾಗಿ ಸತ್ತವರೇ ಬದುಕುವುದು ಅಂತಾಯಿತು. ಮೇಕಪ್ ಕೋಣೆಗೆ ಹೋಗುವಷ್ಟರಲ್ಲಿ ಇಬ್ಬರಿಗೂ ಇದು ಹೊಳೆದಿತ್ತು. ಮಾವನೇನು ಕಮ್ಮಿ ಆಸಾಮಿಯಲ್ಲ. ಮಂಡಿ ನೀವಿಕೊಳ್ಳುತ್ತಾ, "ನಂಗ್ಯಾಕೋ ಇವತ್ತು ಸಾಯೋಕೆ ಮೂಡೇ ಇಲ್ಲ ಕಣೇ," ಅಂದ.

ಆದರೆ ಗಂಡನ ಜುಟ್ಟು ಯಾವಾಗಲೂ ಹೆಂಡತಿಯ ಕೈಯಲ್ಲೇ ಅಲ್ಲವೇ? ಮಾವನಿಗೆ ತನ್ನ ಸಾವಿನ ಬಗ್ಗೆ ಇದ್ದಷ್ಟು ಜಂಬ ಇನ್ಯಾವುದರ ಬಗ್ಗೆಯೂ ಇರಲಿಲ್ಲ. ಅತ್ತೆ ಕನ್ನಡಿ ನೋಡಿಕೊಂಡೇ ಮೆಲ್ಲಗೆ ಶುರು ಮಾಡಿದಳು.

"ಬಿಡಿ ರೀ, ಮೊದಲಿನ ಹಾಗೆ ಸಾಯೋಕೆ ನಿಮ್ಗೀಗ ಎಲ್ಲಿ ಬರತ್ತೆ? ಹೋದ ಸಲ ಆ ಆಸ್ಪತ್ರೆ ಸೀರಿಯಲ್ಲಲ್ಲಿ ಸತ್ರಲ್ಲ, ಮೇಕಪ್ಪಿನವನು ಹೇಳ್ತಿದ್ದ, ಮಾವ ಸತ್ತ ಹಾಗೇ ಇರ್ಲಿಲ್ಲ, ನಿದ್ದೆ ಹೊಡೆದ ಹಾಗಿತ್ತು ಅಂತ."

ಮಾವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ನನ್ ಸಾವಿನ ಬಗ್ಗೆ ಮಾತಾಡೋಕೆ ಅವನ್ಯಾವನು?"

ಬಿದ್ದ ಹಳ್ಳಕ್ಕೆ! ಅತ್ತೆ ಒಳಗೊಳಗೇ ನಕ್ಕು ಸೆರಗು ಸರಿಮಾಡಿಕೊಂಡಳು.

ಪ್ಲೈವುಡ್ ಮನೆಯೊಳಗೆ ಯಂತ್ರ ಬುಸುಬುಸು ಹೊಗೆ ಉಗುಳಿತು. ಕಿಟಕಿಯ ಹತ್ತಿರ ಗ್ಯಾಸಿನ ಬೆಂಕಿ, ಅದರ ಪಕ್ಕದಲ್ಲೇ ಬಕೆಟ್ ನೀರು. "ಆಕ್ಷನ್" ಅಂದಕೂಡಲೇ ಅತ್ತೆ ಕಾಟಾಚಾರಕ್ಕೆ ಕೆಮ್ಮಿ ಬಿದ್ದುಕೊಂಡು ಓರೆಗಣ್ಣಲ್ಲಿ ಗಂಡನನ್ನು ನೋಡಿದಳು. ಮಾವ ಯಾವಾಗಲೂ ಉರುಳಾಡಿ, ಕೂಗಾಡಿ, ಮೇಜು ಕುರ್ಚಿ ಬೀಳಿಸಿ ಸಾಯುವವನು. ಇವತ್ತು ಅದೇನೂ ಇಲ್ಲ. ತಡವರಿಸಿ ಅವಳ ಕೈ ಹುಡುಕಿದ. ಸಿಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದ. ಗುಂಡಿ ಅರ್ಧ ತೂರಿತ್ತು, ಬೆರಳು ಅಲ್ಲೇ ನಿಂತುಹೋಯಿತು. ಬಾಯಿ ಸ್ವಲ್ಪ ತೆರೆದಿತ್ತು. ಎದೆ ಏಳಲಿಲ್ಲ.

"ರೀ," ಅಂದಳು ಅತ್ತೆ, ಪಿಸುಮಾತಲ್ಲಿ. "ಸಾಕು ರೀ."

ಊಹೂಂ. ಮಾವ ಅಲ್ಲಾಡಲಿಲ್ಲ. ಅತ್ತೆಗೆ ಕ್ಯಾಮೆರಾ, ಖಾಯಂ ಪಾತ್ರ, ಎಲ್ಲ ಮರೆತುಹೋಯಿತು. ತೆವಳಿಕೊಂಡು ಹೋಗಿ ಅವನ ಕಾಲರ್ ಹಿಡಿದು ಅಲುಗಾಡಿಸಿದಳು.

"ಏಳ್ರೀ! ನಾನು ಸುಳ್ಳು ಹೇಳ್ದೆ, ಮೇಕಪ್ಪಿನವನು ಏನೂ ಅಂದಿಲ್ಲ! ನಿಮ್ಮಷ್ಟು ಚೆನ್ನಾಗಿ ಯಾರೂ ಸಾಯಲ್ಲ, ಏಳ್ರೀ!"

ಎತ್ತಿಕೊಳ್ಳಲು ಬಂದ ಹೀರೋಗೆ ಒಂದು ಒದೆಯೂ ಬಿತ್ತು.

"ಕಟ್!" ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದ. "ಅತ್ತೆ, ನೀವೇ ಖಾಯಂ! ಮಾತು ಡಬ್ಬಿಂಗಲ್ಲಿ ಬದಲಾಯಿಸೋಣ, ಅಳು ಮಾತ್ರ ಇದೇ ಇರ್ಲಿ. ಹೀರೋ ಮನೇಲಿ ಮಾವನ ಫೋಟೋ ಹಾಕ್ತೀವಿ. ದಿನಾ ಅದರ ಮುಂದೆ ನಿಂತು ಹೀಗೇ ಅಳ್ಬೇಕು."

ಮಾವ ಎದ್ದು ಕೂತ. ಮೂಗಿನ ತುಂಬ ಮಸಿ. "ಮೇಕಪ್ಪಿನವನು ಏನೂ ಅಂದಿಲ್ವಾ, ಕಳ್ಳಿ?"

ಅತ್ತೆ ಇನ್ನೂ ಅವನ ಕಾಲರ್ ಬಿಟ್ಟಿರಲಿಲ್ಲ. ಜೀವಮಾನವೆಲ್ಲ ಬಯಸಿದ್ದು ಇದನ್ನೇ, ಸುಳ್ಳೇಕೆ ಹೇಳಬೇಕು. ಆದರೆ ದಿನಾ ಈ ಮನುಷ್ಯನ ಫೋಟೋ, ದಿನಾ ಈ ಅಳು! ಅವಳಿಗೆ ಭಯವಾಯಿತು. ಒಂದಲ್ಲ ಒಂದು ದಿನ ನಿಜವಾಗಿ ಬರುವುದನ್ನು ಈಗಿಂದಲೇ ಅಭ್ಯಾಸ ಮಾಡುವ ಕರ್ಮ ತನಗ್ಯಾಕೆ?

"ಆಗಲ್ಲಪ್ಪ," ಅಂದಳು. "ಇನ್ನೊಂದು ಟೇಕ್ ತಗೋ. ನಾನೂ ಸಾಯ್ತೀನಿ."

"ಇಬ್ರೂ ಸತ್ರೆ ಹೀರೋ ಯಾರನ್ನ ಹೊತ್ಕೊಂಡು ಬರ್ಲಿ?"

ಸೆಟ್ಟಿನ ಮೂಲೆಯಲ್ಲಿ ಟೀ ಕ್ಯಾನಿನ ಹತ್ತಿರ ಬೆಕ್ಕೊಂದು ಹಾಲಿನ ಪಾತ್ರೆಗೆ ಮೂತಿ ಹಾಕಿತ್ತು. ಅತ್ತೆ ಅದರ ಕಡೆ ಕೈ ತೋರಿಸಿದಳು. ನಿರ್ದೇಶಕ ಬೈಯಲು ಬಾಯಿ ತೆರೆದವನು ಬೆಕ್ಕನ್ನೊಮ್ಮೆ ನೋಡಿ, "ಹಿಡೀರಿ ಅದನ್ನ," ಅಂದ.

ಎರಡನೇ ಟೇಕಿನಲ್ಲಿ ಗಂಡ ಹೆಂಡತಿ ಹೊಗೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಸತ್ತು ಮಲಗಿದರು. ಹೊರಗೆ ಹೀರೋ ಪರಚಿಸಿಕೊಳ್ಳುತ್ತಾ ಬೆಕ್ಕನ್ನು ಎತ್ತಿಕೊಂಡು ಬಂದ. "ಭೇಷ್! ಈ ಬೆಕ್ಕನ್ನ ಬಿಡ್ಬೇಡಿ, ಇದೇ ಖಾಯಂ!" ಅಂತ ನಿರ್ದೇಶಕ ಕೂಗಿದ್ದು ಒಳಗೂ ಕೇಳಿಸಿತು.

ಮಾವ ತುಟಿ ಅಲ್ಲಾಡಿಸದೆ ಗೊಣಗಿದ. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಬೆಕ್ಕಿನ ಪಾಲು ಮಾಡಿದ್ಯಲ್ಲೇ, ಹುಚ್ಚಿ."

ಹೊಗೆಯಲ್ಲಿ ಅತ್ತೆ ಅವನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು.

"ಸುಮ್ನೆ ಸಾಯ್ರೀ," ಅಂದಳು.