ರಾಜನ ಮೇಲೆ ಆಣೆ

ಹೊಸ್ತಿಲ ಕಲ್ಲು ಸೀರೆಯ ಒಳಗಿಂದ ಸುಡುತ್ತಿದೆ, ಭಾದ್ರಪದದ ಬಿಸಿಲು ಹೀಗೇ, ಮೋಡ ಸರಿದರೆ ಒಮ್ಮೆಲೇ ಮೈಮೇಲೆ ಬೀಳುತ್ತದೆ, ಏಳಬೇಕು, ಏಳಲಾರೆ, ಬೆನ್ನಿಗೆ ಪ್ರಾರ್ಥನೆಮನೆಯ ಬಾಗಿಲು, ಬಾಗಿಲ ಹಿಂದೆ ರಹೀಮಾ, ಅವಳ ಮಡಿಲಲ್ಲಿ ಹತ್ತು ತಿಂಗಳ ಕೂಸು — ನಾನೆದ್ದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಒಳಗಿನ ಅಗಳಿ ಮುರಿದು ವರ್ಷವಾಯಿತು, ಸರಿ ಮಾಡಿಸು ಧೂಳಮ್ಮ ಎಂದು ಪಾದ್ರಿಯವರು ಬಂದಾಗಲೆಲ್ಲ ಹೇಳುತ್ತಿದ್ದರು, ದೇವರ ಮನಿಗಿ ಅಗಳಿ ಯಾಕ್ರಿ ಅಂದಿದ್ದೆ, ಈಗ ನಾನೇ ಅಗಳಿ. ನಿಜಾಮರ ರಾಜ್ಯ ಮುಗಿದು ಐದು ದಿನ. ಮೊದಲ ದಿನ ಹುಮನಾಬಾದಿನ ಪೇಟೆಯಲ್ಲಿ ಹೊಸ ಬಾವುಟ, ಹಲಗೆಯ ಬಡಿತ, ಬೆಲ್ಲ ಹಂಚಿದರು, ನಾನೂ ತಿಂದೆ, ಆಮೇಲೆ ಕಲ್ಯಾಣದ ಕಡೆ ಸೇಡಿನ ಹೊಗೆ ಎದ್ದಿತು. ಅಲ್ಲಿತನಕ ಮನೆ ಸುಟ್ಟ ನಿಜಾಮರ ರಜಾಕಾರರು ಓಡಿಹೋದರು, ಯಾರ ಮನೆಯನ್ನೂ ಸುಡದವರು ಉಳಿದರು, ಬಳೆಗಾರ ಗೌಸ, ಅವನ ಹೆಂಡತಿ ರಹೀಮಾ. ಇವತ್ತು ಬೆಳಗ್ಗೆ ತೊಗರಿ ಹೊಲಗಳೊಳಗಿಂದ ಬಂದು ನಿಂತಿದ್ದಳು, ಮೊಣಕಾಲತನಕ ಕೆಸರು, ಮೌಸಿ, ಗೌಸ ಎಲ್ಲಿ ಹ್ವಾದ್ನೋ ಗೊತ್ತಿಲ್ಲ, ಕೂಸಿಗಿ ಒಂದೀಟು ಜಾಗಾ ಕೊಡು, ನನಗ ಬ್ಯಾಡ. ನನಗ ಬ್ಯಾಡ ಅಂದವಳನ್ನೂ ಸೇರಿಸಿ ಒಳಗೆ ತಳ್ಳಿದೆ, ಕೂಸಿನ ಬಾಯಿಗೆ ಬೆಲ್ಲದ ಚೂರು ಇಟ್ಟೆ, ಬಾವುಟದ ದಿನ ಉಳಿಸಿಟ್ಟ ಅದೇ ಬೆಲ್ಲ.

ಈಗ ಎದುರಿಗೆ ಏಳು ಮಂದಿ, ಮುಂದೆ ಹುಡಗಿ ಊರಿನ ಬಸವಣಪ್ಪ, ಕೈಯಲ್ಲಿ ಕೊಡಲಿ, ಇವನ ತಮ್ಮನನ್ನು ರಜಾಕಾರರು ಕೊಂದ ದಿನ ಇವನ ತಾಯಿಯ ಅಂಗಳದಲ್ಲಿ ಅತ್ತವಳು ನಾನು, ಕಟ್ಟೆಯ ಕೆಳಗೇ ಕೂತು ಅತ್ತೆ, ಮೇಲೆ ಕೂರುವ ಜಾತಿಯವಳಲ್ಲ. ಧೂಳಮ್ಮ, ಒಳಗ ಯಾರರ ಅದಾರೇನು? ನೀ ಸುಳ್ಳು ಹೇಳೋಕಿ ಅಲ್ಲ, ಇಡೀ ಊರಿಗಿ ಗೊತ್ತದ, ನಿಮ್ಮ ರಾಜನ ಮ್ಯಾಲ ಆಣಿ ಮಾಡಿ ಯಾರೂ ಇಲ್ಲನ್ನು, ಹೋಗ್ತೀವಿ. ಅಯ್ಯೋ, ಆ ಹೆಸರು ನಾನೇ ಗಳಿಸಿದ್ದು. ಬೇಸಿಗೆಯಲ್ಲಿ ಸಂತೆಯ ನಡುವೆ ರಜಾಕಾರರು ಎಲ್ಲರನ್ನೂ ನಿಲ್ಲಿಸಿ ಬಾದಶಹನಿಗೆ ಜೈ ಅನ್ನಿರಿ ಎಂದಾಗ, ನನ್ನ ರಾಜ ಬ್ಯಾರೆ ಅದಾನ್ರಿ ಅಂದಿದ್ದೆ, ಲಾಠಿ ಬಿತ್ತು, ಮುರಿದ ಮಣಿಕಟ್ಟು ಇನ್ನೂ ಸೊಟ್ಟಗೇ ಇದೆ, ಇದೇ ಬಸವಣಪ್ಪ ನನ್ನನ್ನು ಎತ್ತಿ ಗಾಡಿಗೆ ಹಾಕಿದ, ಭಲೇ ಧೈರ್ಯ ಅಂದ. ಅಂದು ಸುಲಭವಿತ್ತು, ಸತ್ಯಕ್ಕೆ ನನ್ನ ಕೈಯಷ್ಟೇ ಹೋಯಿತು, ಇಂದು ಸತ್ಯ ಹೇಳಿದರೆ ಇನ್ನೊಬ್ಬರ ಕೂಸು ಹೋಗುತ್ತದೆ, ಸುಳ್ಳಾಣೆ ಮಾಡಿದರೆ ನನ್ನ ರಾಜನೇ ನನ್ನ ಬಿಟ್ಟು ಹೋಗುತ್ತಾನೆ, ಆಮೇಲೆ ನನಗೆ ಯಾರಿದ್ದಾರೆ? ಎಂಥ ರಾಜ ನೀನು, ದಂಡಿಲ್ಲ, ಕೋಟೆಯಿಲ್ಲ, ತಲೆಗೆ ಮುಳ್ಳು, ಮೂವತ್ತು ವರ್ಷ ಅಂಬಲಿ ಕುಡಿಯುವ ಮಕ್ಕಳಿಗೆ ಅವನ ರಾಜ್ಯ ಬರ್ತದ, ಬರ್ತದ ಎಂದು ಹಾಡು ಕಲಿಸಿದೆ, ಯಾವಾಗ ಬರ್ತದ ಆಯಿ ಅಂತ ಕೇಳುತ್ತಿದ್ದವು. ಕಾಲರಾದಲ್ಲಿ ಗಂಡ ಸಾಯುತ್ತ ಹೇಳಿದ್ದೂ ಅದನ್ನೇ, ಬರ್ತಾನ, ಬಾಗಲಾ ತೆರದಿಡು — ನೋಡು, ಮುಚ್ಚಿ ಕೂತಿದ್ದೇನೆ. ಒಂದು ರಾಜ್ಯ ಹೋಯಿತು, ಒಂದು ಬಂತು, ಕೊಡಲಿ ಹಿಡಿದವರು ಮಾತ್ರ ಬಾಗಿಲಿಗೆ ಬರುವುದು ತಪ್ಪಲಿಲ್ಲ.

ಮಾತಾಡು ಧೂಳಮ್ಮ. ಏನು ಹೇಳುತ್ತೇನೋ ನನಗೇ ತಿಳಿಯದು, ಮಾತು ತಾನೇ ಬರುತ್ತಿದೆ, ಆಣಿ ಮಾಡಂಗಿಲ್ಲ ಬಸವಣಪ್ಪಾ, ನನ್ನ ರಾಜ ಹುಟ್ಟಿದಾಗ ಆ ಸೀಮಿ ಅರಸ ಊರಾಗಿನ ಕೂಸುಗಳ್ನೆಲ್ಲ ಕೊಲ್ಲಿಸ್ಯಾನ, ಅವನ ಅವ್ವ ಅವನ್ನ ಎದಿಗಿ ಅವಚಿಕೊಂಡು ಪರದೇಶಕ್ಕ ಓಡ್ಯಾಳ, ಯಾರೋ ಬಾಗಲಾ ತೆರದಾರ, ಅದಕ್ಕ ಉಳಿದಾನ, ಅಂಥವನ ಮ್ಯಾಲ ಏನಂತ ಆಣಿ ಮಾಡ್ಲಿ? ಹೇಳಿಬಿಟ್ಟೆ, ಒಳಗೆ ಕೂಸಿದೆ ಎಂದು ಹೇಳಿದ ಹಾಗೇ ಆಯಿತು, ಮೂಢ ಮುದುಕಿ. ಎಷ್ಟು ಕ್ರಿಸ್‌ಮಸ್‌ಗೆ ಈ ಕಥೆ ಹೇಳಿದ್ದೇನೆ, ಆ ತಾಯಿ ದಾರಿಯಲ್ಲಿ ಕೂಸಿನ ಬಾಯಿ ಹೇಗೆ ಮುಚ್ಚಿದಳೆಂದು ಒಮ್ಮೆಯೂ ಯೋಚಿಸಲಿಲ್ಲ. ಸೊಂಟದ ಹತ್ತಿರ ಏನೋ ಹರಿದಾಡಿದಂತಾಯಿತು, ಇರುವೆ ಅಂದುಕೊಂಡೆ, ಇರುವೆಯಲ್ಲ, ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು, ಬೆಲ್ಲ ಮೆತ್ತಿದ ಬೆರಳು, ನನ್ನ ಸೆರಗು ಹಿಡಿದಿವೆ. ಬಸವಣಪ್ಪನ ಕಣ್ಣು ಕೆಳಗಿಳಿಯಿತು, ನಿಂತಿತು. ತನ್ನವರ ಕಡೆ ತಿರುಗಿದ, ಒಳಗ ಯಾರೂ ಇಲ್ಲ, ನಡೀರಿ. ಹಂಗಾರ ತೆರದು ತೋರ್ಸಲಿ ಅಂದ ಒಬ್ಬ. ನನ್ನ ತಮ್ಮನ ಆಣಿ, ಯಾರೂ ಇಲ್ಲ, ಅಂದ ಬಸವಣಪ್ಪ. ಸತ್ತ ತಮ್ಮನ ಮೇಲೆ ಸುಳ್ಳಾಣೆ, ನಾನು ಮಾಡದ್ದನ್ನು ಅವನು ಮಾಡಿದ, ಇದನ್ನು ಯಾರ ರಾಜ್ಯ ಅನ್ನಲಿ? ಹೋದರು, ಬಹಳ ದೂರವಲ್ಲ, ಬಾವಿಯ ತನಕ, ಅಲ್ಲೇ ಕೂತಿದ್ದಾರೆ, ಗಲಭೆ ತಡೆಯುವ ಮಿಲಿಟರಿ ಲಾರಿ ಸಂಜೆಗೆ ಬರುತ್ತದಂತೆ, ಬರಲಿಕ್ಕಿಲ್ಲವಂತೆ, ಬಸವಣಪ್ಪ ಇತ್ತ ಬೆನ್ನು ಹಾಕಿ ಕೂತಿದ್ದಾನೆ, ತಿರುಗುವುದಿಲ್ಲ. ಎದ್ದರೆ ಬೆರಳು ಕಾಣುತ್ತವೆ. ಸಂಜೆ ಎಷ್ಟು ದೂರ. ನಾಲ್ಕು ಬೆರಳು, ಉಗುರಲ್ಲಿ ಮಣ್ಣು, ಸೆರಗನ್ನು ಒಳಗೆಳೆಯುತ್ತಿವೆ, ಬಿಡುತ್ತಿಲ್ಲ, ನಾಲ್ಕು ಬೆರಳು —